ಬಾಡಿಗೆ ಮನೆಯ ಬಾಗಿಲಲ್ಲಿ ಒಂದು ಹಳೆಯ ಪ್ರಶ್ನೆ

ಬಾಡಿಗೆಗೆ ಮನೆ ಕೇಳಲು ಹೋದವರಿಗೆ ಎದುರಾಗುವ ಪ್ರಶ್ನೆಗಳು ನಮ್ಮ ನಾಡಿನ ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ. ಹಳ್ಳಿಯಿಂದ ಹಾವೇರಿಗೆ ಕಾಲೇಜು ಓದಲು ಬಂದ ಹುಡುಗನಿರಲಿ, ರಾಣೇಬೆನ್ನೂರಿನ ಬೀಜದ ಕಂಪೆನಿಯಲ್ಲಿ ಕೆಲಸಕ್ಕೆ ಸೇರಿದ ನೌಕರನಿರಲಿ, ಮೆಣಸಿನಕಾಯಿ ಹಂಗಾಮಿಗೆಂದು ಬ್ಯಾಡಗಿಯಲ್ಲಿ ಕೆಲವು ತಿಂಗಳ ಮಟ್ಟಿಗೆ ಬಿಡಾರ ಹೂಡುವ ಹಮಾಲನಿರಲಿ, ಮನೆಯೊಡೆಯ ಮೊದಲು ಊರು ಕೇಳುತ್ತಾನೆ, ಆಮೇಲೆ ಉದ್ಯೋಗ ಕೇಳುತ್ತಾನೆ, ನಂತರ ದನಿ ತಗ್ಗಿಸಿ 'ಯಾವ ಪೈಕಿ?' ಎನ್ನುತ್ತಾನೆ. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯಿದೆ: 'ನಿಮ್ಮ ಮೇಲೆ ಕೇಸು-ಗೀಸು ಏನೂ ಇಲ್ಲವಷ್ಟೆ?' ದೊಡ್ಡ ನಗರಗಳಲ್ಲಿ ಇದು ಅರ್ಜಿ ನಮೂನೆಯ ಕಲಮಾಗಿ, ಪೊಲೀಸ್ ಪರಿಶೀಲನೆಯ ಕಾಗದವಾಗಿ ಬರುತ್ತದೆ. ಸಣ್ಣ ಊರುಗಳಲ್ಲಿ ಬಾಯಿಮಾತಿನಲ್ಲೇ ಮುಗಿಯುತ್ತದೆ. ಉತ್ತರ 'ಇದೆ' ಎಂದಾದರೆ ಮಾತುಕತೆಯೂ ಅಲ್ಲಿಗೇ ಮುಗಿಯುತ್ತದೆ.

ಈ ಪ್ರಶ್ನೆ ಕೇಳುವವರೆಲ್ಲ ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಒಂದು ಮಹಡಿ ಕಟ್ಟಿಸಿ, ಕೆಳಗೆ ತಾವಿದ್ದು ಮೇಲಿನದನ್ನು ಬಾಡಿಗೆಗೆ ಕೊಡುವ ಕುಟುಂಬಕ್ಕೆ ತನ್ನದೇ ಆದ ಅಂಜಿಕೆಗಳಿರುತ್ತವೆ. ಮನೆಯಲ್ಲಿ ಹೆಣ್ಣುಮಕ್ಕಳಿರುತ್ತಾರೆ, ವಯಸ್ಸಾದವರಿರುತ್ತಾರೆ. ಬರುವವನು ಯಾರೆಂದು ತಿಳಿಯುವ ಬಯಕೆ ಸಹಜವಾದುದೇ. ಆದರೆ ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳನ್ನು ಒಳಗೊಂಡ ಹಳೆಯ ಧಾರವಾಡ ಜಿಲ್ಲೆಯಲ್ಲಿ ಸುಮಾರು ನಾಲ್ಕು ದಶಕಗಳ ಕಾಲ ಸರ್ಕಾರವೇ ಇದನ್ನು ಕಾನೂನಿನ ಮೂಲಕ ಕೇಳಿತ್ತು. ಕೇಳಿ, ಉತ್ತರವನ್ನೂ ತಾನೇ ಬರೆದುಕೊಂಡು, ಮನುಷ್ಯರು ಎಲ್ಲಿ ವಾಸಿಸಬೇಕು, ಎಲ್ಲಿ ವಾಸಿಸಬಾರದು ಎಂದು ನಿರ್ಧರಿಸಿತ್ತು. ಅದರ ಫಲವೇನಾಯಿತೆಂಬುದನ್ನು ಅರಿತರೆ ಇಂದಿನ ಮನೆಯೊಡೆಯನಿಗೂ ಬಾಡಿಗೆದಾರನಿಗೂ ಅದರಿಂದ ಕಲಿಯಲು ಬಹಳಷ್ಟಿದೆ.

ಹುಟ್ಟಿನೊಂದಿಗೆ ಬಂದ ಅಪರಾಧ

ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಜಾರಿಗೆ ತಂದಿತು. ಮೊದಲು ಅದು ಉತ್ತರ ಭಾರತದ ಪ್ರಾಂತಗಳಿಗೆ ಸೀಮಿತವಾಗಿತ್ತು. ಆ ಕಾಯ್ದೆಯ ಹಿಂದಿದ್ದ ತರ್ಕ ಸರಳವೂ ಭಯಾನಕವೂ ಆಗಿತ್ತು: ಈ ದೇಶದಲ್ಲಿ ಬಡಗಿಯ ಮಗ ಬಡಗಿಯಾಗುತ್ತಾನೆ, ನೇಕಾರನ ಮಗ ನೇಕಾರನಾಗುತ್ತಾನೆ, ಹಾಗೆಯೇ ಕಳ್ಳತನವನ್ನು ಕುಲಕಸುಬಾಗಿ ಉಳ್ಳ ಜಾತಿಗಳೂ ಇರಬೇಕು. ಜಾತಿ ವ್ಯವಸ್ಥೆಯನ್ನು ದೂರುತ್ತಲೇ ಅದರ ಅತ್ಯಂತ ಕ್ರೂರವಾದ ನಂಬಿಕೆಯನ್ನು ಆಳುವವರು ತಮ್ಮ ಕಾನೂನಿನ ಅಡಿಪಾಯ ಮಾಡಿಕೊಂಡರು. 1911ರ ಹೊಸ ಕಾಯ್ದೆ ಇದನ್ನು ಮುಂಬಯಿ, ಮದ್ರಾಸು ಪ್ರಾಂತಗಳೂ ಸೇರಿದಂತೆ ಇಡೀ ಬ್ರಿಟಿಷ್ ಭಾರತಕ್ಕೆ ವಿಸ್ತರಿಸಿತು. 1924ರಲ್ಲಿ ಎಲ್ಲವನ್ನೂ ಕ್ರೋಡೀಕರಿಸಿದ ಇನ್ನೊಂದು ಕಾಯ್ದೆ ಬಂತು.

ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಈ ಮೂರೂ ಊರುಗಳು ಧಾರವಾಡ ಜಿಲ್ಲೆಗೆ ಸೇರಿದ್ದವು. ಬ್ರಿಟಿಷರ ಕಾಲದಲ್ಲಿ ಧಾರವಾಡವು ಮುಂಬಯಿ ಪ್ರಾಂತದ ಭಾಗ. ಹೀಗಾಗಿ 1911ರ ಕಾಯ್ದೆ ಇಲ್ಲಿನ ಸಂತೆ, ರಸ್ತೆ, ರೈಲು ನಿಲ್ದಾಣಗಳವರೆಗೂ ಬಂತು. ಅದಕ್ಕೆ ಮುಂಚೆಯೇ, 1908ರಲ್ಲಿ, ಮುಂಬಯಿ ಪ್ರಾಂತದ ಪೊಲೀಸ್ ಅಧಿಕಾರಿ ಮೈಕೆಲ್ ಕೆನಡಿ ಪ್ರಾಂತದ 'ಅಪರಾಧಿ ವರ್ಗ'ಗಳ ಬಗ್ಗೆ ಒಂದು ದೊಡ್ಡ ಕೈಪಿಡಿಯನ್ನೇ ಬರೆದಿದ್ದರು. ಲಮಾಣಿಗಳು, ಗಂಟಿಚೋರರು, ಛಪ್ಪರಬಂದರು ಮುಂತಾದ ಅಲೆಮಾರಿಗಳ ಉಡುಪು, ಭಾಷೆ, ದೇವರು, ಬಿಡಾರ ಹೂಡುವ ರೀತಿ ಎಲ್ಲವೂ ಅದರಲ್ಲಿ ಪೊಲೀಸರ ತಿಳಿವಳಿಕೆಗಾಗಿ ದಾಖಲಾಗಿದ್ದವು. ಒಬ್ಬ ಮನುಷ್ಯ ಏನು ಮಾಡಿದ ಎಂದು ನೋಡುವ ಬದಲು ಅವನು ಯಾರು ಎಂದು ನೋಡಿ ಸಂಶಯಪಡುವುದನ್ನು ಇಂತಹ ಪುಸ್ತಕಗಳು ಕಲಿಸಿದವು.

ಈ ಜನರೆಲ್ಲ ಮೊದಲು ಏನು ಮಾಡುತ್ತಿದ್ದರು? ಎತ್ತು, ಕತ್ತೆಗಳ ಮೇಲೆ ದವಸ, ಉಪ್ಪು ಹೇರಿಕೊಂಡು ಕರಾವಳಿಗೂ ಬಯಲುಸೀಮೆಗೂ ನಡುವೆ ಓಡಾಡುತ್ತಿದ್ದವರು ಲಮಾಣಿಗಳು ಮತ್ತು ಕೊರಮರು. ಬುಟ್ಟಿ ಹೆಣೆದು, ಪೊರಕೆ ಕಟ್ಟಿ, ಸಂತೆಯಿಂದ ಸಂತೆಗೆ ಹೋಗಿ ಮಾರುತ್ತಿದ್ದವರೂ ಅವರೇ. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಮೂಲಕ ರೈಲು ಓಡತೊಡಗಿತು. ಎತ್ತಿನ ಬೆನ್ನಿನ ಮೇಲೆ ಹೋಗುತ್ತಿದ್ದ ಸರಕು ರೈಲು ಡಬ್ಬಿಗೆ ಸೇರಿತು. ಕಾಡಿನ ಮೇಲೆ ಅರಣ್ಯ ಇಲಾಖೆ ಬೇಲಿ ಹಾಕಿದ್ದರಿಂದ ಬಿದಿರು, ಹುಲ್ಲುಗಾವಲುಗಳೂ ಕೈತಪ್ಪಿದವು. ಕಸುಬು ಕಳೆದುಕೊಂಡ ಜನ ಹೊಟ್ಟೆಪಾಡಿಗಾಗಿ ಅಲೆದಾಗ, 'ಇವರಿಗೆ ನೆಲೆಯಿಲ್ಲ, ಕಸುಬಿಲ್ಲ, ಆದ್ದರಿಂದ ಇವರು ಕಳ್ಳರು' ಎಂದು ಅದೇ ಸರ್ಕಾರ ತೀರ್ಮಾನಿಸಿತು. ಅವರಲ್ಲಿ ಕಳ್ಳತನ ಮಾಡಿದವರು ಇರಲಿಲ್ಲವೆಂದಲ್ಲ. ಎಲ್ಲ ಜಾತಿಗಳಲ್ಲೂ ಇರುವಂತೆ ಅಲ್ಲಿಯೂ ಇದ್ದರು. ಆದರೆ ಒಬ್ಬನ ತಪ್ಪಿಗೆ ಹುಟ್ಟದಿರುವ ಮಗುವಿನವರೆಗೆ ಇಡೀ ಕುಲವನ್ನು ಹೊಣೆ ಮಾಡಿದ್ದು ಈ ಕಾನೂನು.

ಕಾಯ್ದೆಯ ಒಳಹೂರಣವನ್ನು ನೋಡಿದರೆ ಅದು ಮುಖ್ಯವಾಗಿ ವಾಸಸ್ಥಳವನ್ನು ಕುರಿತದ್ದು ಎಂಬುದು ತಿಳಿಯುತ್ತದೆ. ಅಧಿಸೂಚಿತ ಪಂಗಡದವರು ರಿಜಿಸ್ಟರಿನಲ್ಲಿ ಹೆಸರು ಬರೆಸಬೇಕು. ಬೆರಳಚ್ಚು ಕೊಡಬೇಕು. ಗೊತ್ತುಪಡಿಸಿದ ಹೊತ್ತಿಗೆ ಹಾಜರಿ ಹಾಕಬೇಕು. ಎಲ್ಲಿ ವಾಸವಾಗಿದ್ದೇವೆ, ಮನೆ ಬದಲಿಸುವ ಯೋಚನೆಯಿದೆಯೇ, ಎಷ್ಟು ದಿನ ಹೊರಗಿರುತ್ತೇವೆ ಎಂಬುದನ್ನೆಲ್ಲ ಮುಂಚಿತವಾಗಿ ತಿಳಿಸಬೇಕು. ಸರ್ಕಾರ ಬಯಸಿದರೆ ಅವರನ್ನು ಒಂದು ನಿರ್ದಿಷ್ಟ ಪ್ರದೇಶದೊಳಗೇ ಕಟ್ಟಿಹಾಕಬಹುದು, ಇಲ್ಲವೆ ವಸಾಹತಿನೊಳಗೆ ಕೂಡಿಹಾಕಬಹುದು. ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಪ್ರತ್ಯೇಕ ಶಾಲೆಗಳಲ್ಲಿ ಇಡುವ ಅಧಿಕಾರವೂ ಅದರಲ್ಲಿತ್ತು. ಸಾಮಾನ್ಯ ಅಪರಾಧಿಗೆ ಶಿಕ್ಷೆಯೆಂದರೆ ಕೆಲವು ಕಾಲದ ಸೆರೆ. ಇವರಿಗೆ ಮನೆಯೇ ಸೆರೆಯಾಯಿತು.

ಸೂರು ಕಟ್ಟುವವರಿಗೆ ಸೂರಿಲ್ಲ

ಈ ಕಥೆಯಲ್ಲಿ ಮುಸ್ಲಿಮರೂ ಇದ್ದಾರೆ. ಬಿಜಾಪುರ ಸೀಮೆಯ ಛಪ್ಪರಬಂದ್ ಸಮುದಾಯವನ್ನು ಖೋಟಾ ನಾಣ್ಯ ತಯಾರಿಸುವವರೆಂಬ ಆರೋಪದ ಮೇಲೆ ಅಪರಾಧಿ ಬುಡಕಟ್ಟೆಂದು ಘೋಷಿಸಲಾಯಿತು. ಫಕೀರರ ವೇಷದಲ್ಲಿ ಊರೂರು ತಿರುಗಿ ನಕಲಿ ನಾಣ್ಯ ಚಲಾಯಿಸುತ್ತಾರೆ ಎಂದು ಪೊಲೀಸ್ ಬರಹಗಳು ಅವರನ್ನು ವರ್ಣಿಸಿದವು. ವಿಪರ್ಯಾಸವೆಂದರೆ ಆ ಹೆಸರಿನ ಅರ್ಥವೇ ಚಪ್ಪರ ಕಟ್ಟುವವರು ಎಂದು. ಹಿಂದಿನ ಕಾಲದಲ್ಲಿ ಸೈನ್ಯದ ಬಿಡಾರಗಳಿಗೆ ಹುಲ್ಲಿನ ಸೂರು ಹೊದಿಸುವುದು ಅವರ ಕಸುಬಾಗಿತ್ತೆಂಬುದು ಆ ಹೆಸರಿನ ಹಿಂದಿರುವ ಕಥೆ. ಇತರರ ತಲೆಯ ಮೇಲೆ ಸೂರು ಕಟ್ಟಿದವರ ಮಕ್ಕಳು ತಮ್ಮ ಸೂರಿನ ಕೆಳಗೆ ಮಲಗುವುದಕ್ಕೂ ಪೊಲೀಸರ ಅನುಮತಿ ಬೇಕಾಯಿತು. ಇಂದು ಈ ಸಮುದಾಯ ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದೆ. ಆದರೆ ಆ ಹೆಸರಿಗೆ ಅಂಟಿದ ಹಳೆಯ ಕೊಳೆಯನ್ನು ಯಾವ ಪಟ್ಟಿಯೂ ತೊಳೆಯಲಾರದು.

ಗಂಟಿಚೋರರ ಕಥೆ ಇನ್ನೂ ನೋವಿನದು. ಗಂಟು ಕದಿಯುವವರು ಎಂಬ ಬೈಗುಳವನ್ನೇ ಆಡಳಿತ ಅವರ ಜಾತಿಯ ಹೆಸರಾಗಿ ಬರೆದುಕೊಂಡಿತು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇಂದಿಗೂ ಅದು ಅದೇ ಹೆಸರಿನಲ್ಲಿದೆ. ಅಂದರೆ ಆ ಸಮುದಾಯದ ಯುವಕನೊಬ್ಬ ಓದಿ, ನೌಕರಿ ಹಿಡಿದು, ಸರ್ಕಾರದ ಮುದ್ರೆಯಿರುವ ಜಾತಿ ಪ್ರಮಾಣಪತ್ರ ಪಡೆದರೆ ಅದರಲ್ಲಿ 'ಚೋರ' ಎಂಬ ಪದವಿರುತ್ತದೆ. ಅವನು ಒಂದು ಮನೆಯ ಬಾಗಿಲಲ್ಲಿ ನಿಂತು 'ಯಾವ ಪೈಕಿ?' ಎಂಬ ಪ್ರಶ್ನೆಗೆ ನಿಜ ಹೇಳಿದರೆ, 'ಕೇಸು ಇದೆಯೆ?' ಎಂಬ ಮುಂದಿನ ಪ್ರಶ್ನೆಗೆ ಉತ್ತರ ಕೊಡುವ ಅಗತ್ಯವೇ ಉಳಿಯುವುದಿಲ್ಲ. ಎರಡು ಪ್ರಶ್ನೆಗಳೂ ಅವನ ಮಟ್ಟಿಗೆ ಒಂದೇ.

ತಂತಿ ಬೇಲಿಯ ಊರು

ಮುಂಬಯಿ ಪ್ರಾಂತದಲ್ಲಿ ಈ ಕಾಯ್ದೆಯನ್ನು ಕಾರ್ಯರೂಪಕ್ಕೆ ತಂದವರಲ್ಲಿ ಪ್ರಮುಖರು ಸ್ಟಾರ್ಟ್ ಎಂಬ ಅಧಿಕಾರಿ. ಬಿಜಾಪುರದಲ್ಲಿ ಆರಂಭವಾದ ಅವರ ಪ್ರಯೋಗ ಮುಂದೆ ಹುಬ್ಬಳ್ಳಿ, ಗದಗ-ಬೆಟಗೇರಿ, ಸೊಲ್ಲಾಪುರಗಳಿಗೆ ವಿಸ್ತರಿಸಿತು. ಅಧಿಸೂಚಿತ ಪಂಗಡಗಳನ್ನು ಹಿಡಿದು ತಂದು ತಂತಿ ಬೇಲಿಯ ವಸಾಹತುಗಳಲ್ಲಿ ಇರಿಸಲಾಯಿತು. ಅವುಗಳಿಗೆ 'ಸೆಟ್ಲ್‌ಮೆಂಟ್' ಎಂದು ಹೆಸರು. ಗಂಡಸರನ್ನೂ ಹೆಂಗಸರನ್ನೂ ಹತ್ತಿಯ ಗಿರಣಿ, ರೈಲ್ವೆ ಕೆಲಸಗಳಿಗೆ ಹಚ್ಚಲಾಯಿತು. ಬೆಳೆಯುತ್ತಿದ್ದ ಗಿರಣಿಗಳಿಗೆ ಬಿಟ್ಟು ಓಡಿಹೋಗಲಾರದ ಕೂಲಿಗಳು ಬೇಕಾಗಿದ್ದರು, ಸರ್ಕಾರಕ್ಕೆ ಕಣ್ಗಾವಲು ಬೇಕಾಗಿತ್ತು. ಒಂದೇ ಬೇಲಿ ಎರಡು ಅಗತ್ಯಗಳನ್ನೂ ಪೂರೈಸಿತು.

ಸ್ಟಾರ್ಟ್ ಅವರನ್ನು ಕೇವಲ ಜೈಲರ್ ಎಂದು ಬಣ್ಣಿಸಿದರೆ ಅನ್ಯಾಯವಾದೀತು. ಮನುಷ್ಯ ಬದಲಾಗಬಲ್ಲ ಎಂದು ಅವರು ನಂಬಿದ್ದರು. ಶಾಲೆಗಳನ್ನು ತೆರೆದರು, ಸಹಕಾರ ಸಂಘಗಳಿಗೆ ಪ್ರೋತ್ಸಾಹ ಕೊಟ್ಟರು. ಒಳ್ಳೆಯ ನಡತೆ ತೋರಿದವರನ್ನು ಬೇಲಿಯ ಹೊರಗಿನ 'ಮುಕ್ತ ಕಾಲೊನಿ'ಗೆ ಕಳಿಸುವ ಕ್ರಮವನ್ನೂ ರೂಪಿಸಿದರು. ಆದರೆ ಇಡೀ ವ್ಯವಸ್ಥೆಯ ಬುಡದಲ್ಲೇ ದೋಷವಿತ್ತು. ಸಾಮಾನ್ಯ ನ್ಯಾಯದಲ್ಲಿ ಅಪರಾಧ ಸಾಬೀತಾಗುವವರೆಗೆ ಮನುಷ್ಯ ನಿರಪರಾಧಿ. ಇಲ್ಲಿ ನಡತೆ ಒಳ್ಳೆಯದೆಂದು ಅಧಿಕಾರಿಗೆ ಮನವರಿಕೆಯಾಗುವವರೆಗೆ ಮನುಷ್ಯ ಅಪರಾಧಿ. ಬೇಲಿಯೊಳಗೆ ಹುಟ್ಟಿದ ಮಗು ಏನನ್ನೂ ಕದಿಯದೆಯೇ ಆ ಮನವರಿಕೆಗಾಗಿ ಕಾಯಬೇಕಿತ್ತು.

ಮುಕ್ತ ಕಾಲೊನಿಯಿಂದಾಚೆಗೆ ಇನ್ನೂ ದೊಡ್ಡ ಬೇಲಿಯೊಂದಿತ್ತು. ಬಿಡುಗಡೆಯ ಚೀಟಿ ಹಿಡಿದು ಹೊರಬಂದವನಿಗೆ ಊರಿನಲ್ಲಿ ಮನೆ ಕೊಡುವವರು ಯಾರು? ಊರವರಿಗೆ ಅವನು 'ಸೆಟ್ಲ್‌ಮೆಂಟಿನವನು'. ಹೀಗಾಗಿ ಬಿಡುಗಡೆ ಹೊಂದಿದವರು ಮತ್ತೆ ವಸಾಹತಿನ ಅಂಚಿನಲ್ಲೇ ಗುಡಿಸಲು ಹಾಕಿಕೊಂಡರು. ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ 'ಸೆಟ್ಲ್‌ಮೆಂಟ್' ಎಂಬುದು ಈಗಲೂ ಒಂದು ಬಡಾವಣೆಯ ಹೆಸರು. ಬೇಲಿ ಹೋಗಿ ಮುಕ್ಕಾಲು ಶತಮಾನ ಕಳೆದರೂ ವಿಳಾಸ ಹಾಗೆಯೇ ಉಳಿದಿದೆ. ವಿಳಾಸವೇ ದೋಷಾರೋಪ ಪಟ್ಟಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕಾಯ್ದೆ ಹೋಯಿತು, ಸಂಶಯ ಉಳಿಯಿತು

ಸ್ವಾತಂತ್ರ್ಯದ ನಂತರ ಮುಂಬಯಿ ಪ್ರಾಂತದಲ್ಲಿ 1949ರಲ್ಲಿ ಈ ಕಾಯ್ದೆ ರದ್ದಾಯಿತು. ಅನಂತಶಯನಂ ಅಯ್ಯಂಗಾರ್ ನೇತೃತ್ವದ ಸಮಿತಿಯ ಶಿಫಾರಸಿನ ಬಳಿಕ 1952ರ ಆಗಸ್ಟ್ 31ರಂದು ಇಡೀ ದೇಶದಲ್ಲಿ ಅದು ಕೊನೆಗೊಂಡಿತು. ಆ ದಿನವನ್ನು ಈ ಸಮುದಾಯಗಳು 'ವಿಮುಕ್ತ ದಿನ'ವೆಂದು ಆಚರಿಸುತ್ತವೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ ಇವರಿಗೆ ಸ್ವಾತಂತ್ರ್ಯ ಬಂತು.

ಆದರೆ ಹಿಂಬಾಗಿಲಿನಿಂದ ಇನ್ನೊಂದು ಕಾನೂನು ಬಂತು. ರಾಜ್ಯಗಳು ಒಂದೊಂದಾಗಿ 'ರೂಢಿಗತ ಅಪರಾಧಿ' ಕಾಯ್ದೆಗಳನ್ನು ಮಾಡಿಕೊಂಡವು. ನಮ್ಮ ರಾಜ್ಯದಲ್ಲಿ ಅದು 1961ರಲ್ಲಿ ಬಂತು. ಕಾಗದದ ಮೇಲೆ ಈ ಕಾಯ್ದೆಗಳು ಜಾತಿಯನ್ನು ನೋಡುವುದಿಲ್ಲ, ಪದೇಪದೇ ಶಿಕ್ಷೆಗೊಳಗಾದ ವ್ಯಕ್ತಿಯನ್ನು ಮಾತ್ರ ನೋಡುತ್ತವೆ. ಆದರೆ ಠಾಣೆಯ ನೆನಪು ಅಷ್ಟು ಸುಲಭವಾಗಿ ಅಳಿಯುವಂತಹದಲ್ಲ. ಊರಲ್ಲಿ ಕಳವಾದರೆ ಮೊದಲು ಯಾರ ಗುಡಿಸಲು ಶೋಧಿಸಬೇಕೆಂಬುದು ಹಳೆಯ ರೂಢಿಯಂತೆಯೇ ನಡೆಯಿತು. 1998ರಲ್ಲಿ ಪಶ್ಚಿಮ ಬಂಗಾಳದಲ್ಲಿ ಬುಧನ್ ಶಬರ್ ಎಂಬ ಯುವಕ ಪೊಲೀಸರ ವಶದಲ್ಲಿದ್ದಾಗ ಮೃತಪಟ್ಟ. ಅವನು ಹುಟ್ಟಿದ್ದು ಹಿಂದೆ ಅಪರಾಧಿಯೆಂದು ಘೋಷಿತವಾಗಿದ್ದ ಬುಡಕಟ್ಟಿನಲ್ಲಿ. ಆ ಸಾವಿನ ಬಳಿಕ ಲೇಖಕಿ ಮಹಾಶ್ವೇತಾ ದೇವಿ ಹಾಗೂ ಮುಂದೆ ಧಾರವಾಡದಲ್ಲಿ ನೆಲೆಸಿದ ವಿದ್ವಾಂಸ ಗಣೇಶ್ ದೇವಿ ಮುಂತಾದವರು ಎತ್ತಿದ ದನಿಯಿಂದಾಗಿ ದೇಶ ಈ ಜನರತ್ತ ಮತ್ತೆ ತಿರುಗಿ ನೋಡಿತು. ರೆಣಕೆ ಆಯೋಗ 2008ರಲ್ಲಿ ವರದಿ ಕೊಟ್ಟಿತು. ನಂತರ ಇದಾತೆ ಆಯೋಗವೂ ವರದಿ ಕೊಟ್ಟಿತು.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಒಂದು ಮಹತ್ವದ ತೀರ್ಪು ನೀಡಿತು. ಪತ್ರಕರ್ತೆ ಸುಕನ್ಯಾ ಶಾಂತಾ ಸಲ್ಲಿಸಿದ್ದ ಅರ್ಜಿಯ ಮೇಲೆ, ಕೈದಿಗಳಿಗೆ ಜಾತಿಯ ಆಧಾರದಲ್ಲಿ ಕೆಲಸ ಹಂಚುವ ಜೈಲು ಕೈಪಿಡಿಗಳ ನಿಯಮಗಳನ್ನು ಅದು ರದ್ದುಪಡಿಸಿತು. ಅಲೆಮಾರಿ ಮತ್ತು ವಿಮುಕ್ತ ಬುಡಕಟ್ಟುಗಳವರನ್ನು ಹುಟ್ಟಿನಿಂದಲೇ 'ರೂಢಿಗತ ಅಪರಾಧಿ'ಗಳೆಂಬಂತೆ ನೋಡುವ ಪರಿಪಾಠವನ್ನು ತಳ್ಳಿಹಾಕಿತು. ಕಾನೂನಿನ ಪುಸ್ತಕದಿಂದ 1952ರಲ್ಲಿ ಹೊರಹೋದ ವಿಚಾರವನ್ನು ಜೈಲಿನ ಪುಸ್ತಕದಿಂದ ಹೊರಹಾಕಲು ಮತ್ತೆ 72 ವರ್ಷಗಳು ಬೇಕಾದವು. ಹಾಗಿರುವಾಗ ಮನೆಯೊಡೆಯರ ಮನಸ್ಸಿನಿಂದ ಅದು ಹೊರಹೋಗಲು ಎಷ್ಟು ಕಾಲ ಬೇಕಾದೀತು?

ಕೇಸು ಎಂದರೆ ಅಪರಾಧವೇ?

'ಕೇಸು ಇದೆಯೆ?' ಎಂಬ ಪ್ರಶ್ನೆಯಲ್ಲಿ ಇನ್ನೊಂದು ತೊಡಕಿದೆ. ಕೇಸು ದಾಖಲಾಗುವುದು ಬೇರೆ, ಅಪರಾಧ ಸಾಬೀತಾಗುವುದು ಬೇರೆ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳಿದೆ. ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿರಲಿಲ್ಲ ಎಂದರ್ಥ. ಜಾಮೀನು ಪಡೆದು ಹೊರಗಿರುವವರು ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ಇವರೆಲ್ಲರಿಗೂ ಬಾಗಿಲು ಮುಚ್ಚಿದರೆ ನಾವು ನ್ಯಾಯಾಲಯಕ್ಕಿಂತ ಮುಂಚೆಯೇ ತೀರ್ಪು ಕೊಟ್ಟಂತಾಗುತ್ತದೆ.

ಹಾವೇರಿ ಜಿಲ್ಲೆಯ ಇತಿಹಾಸವನ್ನೇ ನೋಡೋಣ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದು ಸೆರೆಮನೆ ಸೇರಿದರು. ಪತ್ನಿ ಸಿದ್ದಮ್ಮನವರೂ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣದ ಮೇಲೆ ನಡೆದ ದಾಳಿಯಲ್ಲಿ ಮಹಾದೇವಪ್ಪನವರು ಮತ್ತು ಅವರ ಇಬ್ಬರು ಸಂಗಾತಿಗಳು ಪೊಲೀಸರ ಗುಂಡಿಗೆ ಬಲಿಯಾದರು. ಅಂದಿನ ಸರ್ಕಾರಿ ಕಡತಗಳಲ್ಲಿ ಇದು ದರೋಡೆಯಲ್ಲದೆ ಮತ್ತೇನು? ಇಂದು ಹಾವೇರಿಯ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ. ಆ ನಿಲ್ದಾಣದಲ್ಲಿ ಇಳಿದು ಬಾಡಿಗೆ ಮನೆ ಹುಡುಕಲು ಹೊರಡುವವನಿಗೆ 'ಜೈಲಿಗೆ ಹೋಗಿದ್ದೀಯಾ?' ಎಂದು ಕೇಳುವ ಮೊದಲು ನಾವು ಆ ನಾಮಫಲಕವನ್ನೊಮ್ಮೆ ನೋಡಬೇಕು. ಮಹಾದೇವಪ್ಪನವರು ಇಂದು ಬಂದು ಕೇಳಿದರೂ ಪ್ರಾಮಾಣಿಕವಾಗಿ 'ಹೌದು' ಎನ್ನಬೇಕಾಗುತ್ತಿತ್ತು.

ಸ್ವಾತಂತ್ರ್ಯಾನಂತರದ ಉದಾಹರಣೆಗಳೂ ಇವೆ. 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. 2024ರ ಮಾರ್ಚ್ 11ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬೆಲೆ ದಿಢೀರನೆ ಕುಸಿದಾಗ ಸಿಟ್ಟಿಗೆದ್ದ ರೈತರ ಗುಂಪು ಎಪಿಎಂಸಿ ಕಚೇರಿಗೆ ನುಗ್ಗಿತು, ವಾಹನಗಳಿಗೆ ಬೆಂಕಿ ಬಿತ್ತು. ಪೊಲೀಸರು ಹಲವರನ್ನು ಬಂಧಿಸಿದರು. ಬೆಂಕಿ ಹಚ್ಚಿದ್ದನ್ನು ಯಾರೂ ಸಮರ್ಥಿಸುವಂತಿಲ್ಲ. ಯಾರು ಹಚ್ಚಿದರೆಂಬುದನ್ನು ನ್ಯಾಯಾಲಯ ನಿರ್ಣಯಿಸಬೇಕು. ಆದರೆ ಇಂತಹ ಗಲಭೆಗಳಲ್ಲಿ ಹಚ್ಚಿದವನೂ ಓಡಿದವನೂ ಸುಮ್ಮನೆ ನಿಂತವನೂ ಒಂದೇ ಎಫ್‌ಐಆರಿನಲ್ಲಿ ಸಿಕ್ಕಿಬೀಳುವುದು ಅಪರೂಪವೇನಲ್ಲ. ಅಂತಹವನೊಬ್ಬ ಮುಂದೆ ಮಗಳ ಓದಿಗಾಗಿ ಪೇಟೆಯಲ್ಲಿ ಒಂದು ಕೋಣೆ ಕೇಳಿದರೆ, 'ಕೇಸು ಇದೆ' ಎಂಬ ಎರಡು ಪದಗಳಲ್ಲಿ ಅವನ ಹೊಲ, ಬೆಳೆ, ಸಾಲ, ಆ ದಿನದ ಬೆಲೆ ಯಾವುದೂ ಕಾಣುವುದಿಲ್ಲ.

ಕಾನೂನು ಎಲ್ಲಿ ಮೌನವಾಗಿದೆ?

ಬಾಡಿಗೆ ಮತ್ತು ತೆರವಿನ ಬಗ್ಗೆ ನಮ್ಮಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಆದರೆ ಯಾವ ಕಾರಣಕ್ಕೆ ಮನೆ ನಿರಾಕರಿಸಬಾರದು ಎಂಬುದನ್ನು ಅದು ಹೇಳುವುದಿಲ್ಲ. ಸಂವಿಧಾನದ 15ನೇ ವಿಧಿಯು ಅಂಗಡಿ, ಹೋಟೆಲು, ಬಾವಿ, ಕೆರೆಗಳ ಬಳಕೆಯಲ್ಲಿ ಧರ್ಮ-ಜಾತಿಗಳ ಕಾರಣಕ್ಕೆ ತಡೆಯೊಡ್ಡುವುದನ್ನು ನಿಷೇಧಿಸಿದೆ. ಅಲ್ಲಿ ಖಾಸಗಿ ಬಾಡಿಗೆ ಮನೆಯ ಹೆಸರಿಲ್ಲ. ಮುಸ್ಲಿಮರಿಗೆ ತಾವು ಬಯಸಿದ ಬಡಾವಣೆಯಲ್ಲಿ ಮನೆ ಕೊಳ್ಳುವುದೂ ಬಾಡಿಗೆಗೆ ಪಡೆಯುವುದೂ ಕಷ್ಟವಾಗುತ್ತಿರುವುದನ್ನು 2006ರ ಸಾಚಾರ್ ಸಮಿತಿಯ ವರದಿ ದಾಖಲಿಸಿತು. ದಲಿತರ ಅನುಭವವೂ ಇದಕ್ಕಿಂತ ಭಿನ್ನವಲ್ಲ. 'ಕೇಸು ಇದೆಯೆ?' ಎಂಬ ಪ್ರಶ್ನೆ ಈ ಹಳೆಯ ನಿರಾಕರಣೆಗಳಿಗೆ ಸಭ್ಯವಾದ ಮುಸುಕಾಗಬಲ್ಲದು. ಯಾರ ಮೇಲೆ ಸಂಶಯ ಹೆಚ್ಚೋ ಅವರನ್ನೇ ಈ ಪ್ರಶ್ನೆ ಹೆಚ್ಚಾಗಿ ಹುಡುಕಿಕೊಂಡು ಹೋಗುತ್ತದೆ.

ಬೇರೆ ಸಂದರ್ಭಗಳಲ್ಲಿ ನಮ್ಮ ಕಾನೂನೇ ಕ್ಷಮೆಗೆ ಒಂದು ಅವಧಿಯನ್ನು ಗೊತ್ತುಪಡಿಸಿದೆ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಗೊಳಗಾದವನು ಬಿಡುಗಡೆಯಾದ ಆರು ವರ್ಷಗಳ ಬಳಿಕ ಮತ್ತೆ ಚುನಾವಣೆಗೆ ನಿಲ್ಲಬಹುದೆಂದು ಜನತಾ ಪ್ರಾತಿನಿಧ್ಯ ಕಾಯ್ದೆ ಹೇಳುತ್ತದೆ. ಪರಿವೀಕ್ಷಣೆಯ ಮೇಲೆ ಬಿಡುಗಡೆಯಾದವನಿಗೆ ಆ ಶಿಕ್ಷೆಯಿಂದ ಅನರ್ಹತೆ ಅಂಟದಂತೆ 1958ರ ಕಾಯ್ದೆ ನೋಡಿಕೊಂಡಿದೆ. ಕಾನೂನಿನೊಂದಿಗೆ ಸಂಘರ್ಷಕ್ಕೆ ಬಂದ ಮಕ್ಕಳಿಗೆ ಹೊಸ ಬದುಕು ಆರಂಭಿಸುವ ಅವಕಾಶವಿರಬೇಕೆಂಬುದು 2015ರ ಬಾಲನ್ಯಾಯ ಕಾಯ್ದೆಯ ಮೂಲತತ್ವಗಳಲ್ಲೊಂದು. ನೌಕರಿಯ ಪರಿಶೀಲನಾ ನಮೂನೆಯಲ್ಲಿ ಹಳೆಯ ಪ್ರಕರಣ ಮುಚ್ಚಿಟ್ಟವರ ಬಗ್ಗೆ 2016ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್ ಕೂಡಾ ಪ್ರಕರಣದ ಸ್ವರೂಪವನ್ನು ನೋಡಬೇಕು, ಕ್ಷುಲ್ಲಕವಾದುದನ್ನು ಗಂಭೀರವಾದುದರೊಂದಿಗೆ ಸಮೀಕರಿಸಬಾರದು ಎಂಬ ನಿಲುವು ತಳೆಯಿತು. ಅಂದರೆ ಶಿಕ್ಷೆ ಮುಗಿಸಿದವನು ಕಾಲ ಕಳೆದ ಮೇಲೆ ವಿಧಾನಸಭೆಯಲ್ಲಿ ಕೂರಬಹುದು. ಬಾಡಿಗೆ ಕೋಣೆಯಲ್ಲಿ ಮಲಗುವುದಕ್ಕೆ ಮಾತ್ರ ಅವನಿಗೆ ಯಾವ ಅವಧಿಯೂ ಸಾಲದು!

ಹೊರದೇಶಗಳು ಈ ಪ್ರಶ್ನೆಯೊಂದಿಗೆ ನೇರವಾಗಿ ಸೆಣಸಿವೆ. ಬ್ರಿಟನ್ನಿನಲ್ಲಿ 1974ರ ಒಂದು ಕಾಯ್ದೆಯ ಪ್ರಕಾರ ನಿರ್ದಿಷ್ಟ ಕಾಲ ಕಳೆದ ಮೇಲೆ ಅನೇಕ ಬಗೆಯ ಶಿಕ್ಷೆಗಳನ್ನು 'ಮುಗಿದುಹೋದವು' ಎಂದು ಪರಿಗಣಿಸಲಾಗುತ್ತದೆ. ಅಮೆರಿಕಾದಲ್ಲಿ ಬಾಡಿಗೆ ಅರ್ಜಿಯಲ್ಲಿ ಅಪರಾಧ ಹಿನ್ನೆಲೆಯ ಪ್ರಶ್ನೆ ಬಹುಕಾಲದಿಂದ ರೂಢಿಯಲ್ಲಿದೆ. ಅಲ್ಲಿ ಕರಿಯರು ಜೈಲು ಸೇರುವ ಪ್ರಮಾಣ ಬಹಳ ಹೆಚ್ಚಾಗಿರುವುದರಿಂದ ಈ ಪ್ರಶ್ನೆ ಬಣ್ಣದ ಪ್ರಶ್ನೆಯೂ ಆಯಿತು. ಸಿಯಾಟಲ್ ನಗರ 2017ರಲ್ಲಿ ಇಂತಹ ಪ್ರಶ್ನೆ ಕೇಳುವುದನ್ನೇ ನಿಷೇಧಿಸಿತು. ಮನೆಯೊಡೆಯರು ನ್ಯಾಯಾಲಯಕ್ಕೆ ಹೋದರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯವು ಕೇಳುವುದನ್ನೇ ತಡೆಯುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದಿತು. ಆದರೆ ಹಿನ್ನೆಲೆಯ ಕಾರಣಕ್ಕೆ ಮನೆ ನಿರಾಕರಿಸದಂತೆ ವಿಧಿಸಿದ್ದ ನಿರ್ಬಂಧವನ್ನು ಎತ್ತಿಹಿಡಿಯಿತು. ನ್ಯೂಜೆರ್ಸಿ ರಾಜ್ಯವು 2021ರ ಕಾಯ್ದೆಯಲ್ಲಿ ಮಧ್ಯದ ದಾರಿ ಹಿಡಿಯಿತು: ಮೊದಲು ಮನೆ ಕೊಡಲು ಒಪ್ಪಬೇಕು, ಆಮೇಲೆ ಮಾತ್ರ, ಅದೂ ಮಿತಿಯೊಳಗೆ, ಹಿನ್ನೆಲೆಯನ್ನು ವಿಚಾರಿಸಬಹುದು. ಮನುಷ್ಯನನ್ನು ಮೊದಲು ಮನುಷ್ಯನಾಗಿ ನೋಡಿ, ನಂತರ ಅವನ ಕಡತ ನೋಡಬೇಕೆಂಬುದು ಇದರ ತಿರುಳು.

ನಮ್ಮ ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಬುಲ್ಡೋಜರ್ ಪ್ರಕರಣದಲ್ಲಿ, ಆರೋಪಿ ಎಂಬ ಕಾರಣಕ್ಕೆ ಯಾರದೇ ಮನೆಯನ್ನು ಉರುಳಿಸುವಂತಿಲ್ಲ ಎಂದಿತು. ವಾಸಿಸುವ ಸೂರು ಜೀವಿಸುವ ಹಕ್ಕಿನ ಭಾಗವೆಂದೂ, ಒಬ್ಬನ ಮೇಲಿನ ಆರೋಪಕ್ಕೆ ಇಡೀ ಕುಟುಂಬವನ್ನು ದಂಡಿಸಬಾರದೆಂದೂ ಅದು ಸ್ಪಷ್ಟಪಡಿಸಿತು. ಆ ತೀರ್ಪು ಸರ್ಕಾರವನ್ನು ಕಟ್ಟಿಹಾಕುತ್ತದೆ, ಖಾಸಗಿ ಮನೆಯೊಡೆಯನನ್ನಲ್ಲ. ಆದರೂ ಅದರೊಳಗಿನ ನೀತಿ ಇಬ್ಬರಿಗೂ ಒಂದೇ. ಇದ್ದ ಸೂರನ್ನು ಆರೋಪದ ಮೇಲೆ ಕೆಡಹುವುದು ಅನ್ಯಾಯವಾದರೆ, ಬೇಕಾದ ಸೂರನ್ನು ಆರೋಪದ ಮೇಲೆ ನಿರಾಕರಿಸುವುದು ನ್ಯಾಯ ಹೇಗಾದೀತು?

ಹಾಗಾದರೆ ಏನು ಕೇಳಬೇಕು?

ಮನೆಯೊಡೆಯ ಕಣ್ಣುಮುಚ್ಚಿ ಬೀಗದ ಕೈ ಕೊಡಲಿ ಎಂಬುದು ನಮ್ಮ ವಾದವಲ್ಲ. ಬಾಡಿಗೆದಾರನ ಗುರುತಿನ ಚೀಟಿ ಪಡೆಯಲಿ, ಕರಾರುಪತ್ರ ಮಾಡಿಕೊಳ್ಳಲಿ, ಮುಂಗಡ ತೆಗೆದುಕೊಳ್ಳಲಿ, ಪೊಲೀಸರು ಕೇಳಿದ ಮಾಹಿತಿಯನ್ನು ಕೊಡಲಿ. ಇವೆಲ್ಲ ಎಲ್ಲರಿಗೂ ಸಮಾನವಾಗಿ ಅನ್ವಯಿಸಿದರೆ ಆಕ್ಷೇಪವಿಲ್ಲ. ಹಿನ್ನೆಲೆಯನ್ನು ವಿಚಾರಿಸಲೇಬೇಕೆಂದಿದ್ದರೆ ನಾಲ್ಕು ವಿಷಯಗಳನ್ನು ಬಿಡಿಸಿ ನೋ���ಲಿ. ಆರೋಪ ಸಾಬೀತಾಗಿದೆಯೇ? ಎಷ್ಟು ವರ್ಷ ಹಿಂದಿನದು? ಎಂತಹ ಪ್ರಕರಣ, ಚೆಕ್ ಬೌನ್ಸೋ, ಧರಣಿಯೋ, ಮನುಷ್ಯರ ಮೇಲಿನ ಹಿಂಸೆಯೋ? ಆ ಮನೆಯಲ್ಲಿ ವಾಸಿಸುವುದಕ್ಕೂ ಅದಕ್ಕೂ ಏನಾದರೂ ಸಂಬಂಧವಿದೆಯೇ? ಹೀಗೆ ನೋಡಿದರೆ ಬಹುಪಾಲು ಸಂದರ್ಭಗಳಲ್ಲಿ ಅಂಜಿಕೆ ತಾನಾಗಿಯೇ ಕರಗುತ್ತದೆ. ಉಳಿದ ಕೆಲವೇ ಸಂದರ್ಭಗಳಲ್ಲಿ ಎಚ್ಚರಿಕೆ ವಹಿಸುವುದು ತಪ್ಪೂ ಅಲ್ಲ.

ಸೆಟ್ಲ್‌ಮೆಂಟುಗಳ ಇತಿಹಾಸ ನಮಗೆ ಕಲಿಸುವುದು ಇಷ್ಟೆ. ಸೂರಿಲ್ಲದವನಿಗೆ ವಿಳಾಸವಿಲ್ಲ, ವಿಳಾಸವಿಲ್ಲದವನಿಗೆ ನೌಕರಿಯಿಲ್ಲ, ರೇಷನ್ ಕಾರ್ಡಿಲ್ಲ, ಮಕ್ಕಳಿಗೆ ಶಾಲೆಯ ದಾಖಲಾತಿ ಸುಲಭವಲ್ಲ. ನೆಲೆಯಿಲ್ಲದ ಕಾರಣಕ್ಕೆ ಅಲೆಮಾರಿಗಳನ್ನು ಕಳ್ಳರೆಂದ ಸಮಾಜ, ಕಳ್ಳರೆಂಬ ಕಾರಣಕ್ಕೆ ಅವರಿಗೆ ನೆಲೆ ಕೊಡಲು ಹಿಂಜರಿಯಿತು. ನಾಲ್ಕು ತಲೆಮಾರು ಕಳೆದರೂ ಆ ಸುಳಿಯಿಂದ ಅನೇಕರು ಹೊರಬಂದಿಲ್ಲ. ತಪ್ಪು ಮಾಡಿದವನು ತಿದ್ದಿಕೊಳ್ಳಲು ಮೊದಲು ಬೇಕಾದದ್ದು ಒಂದು ಮನೆ. ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುವುದಕ್ಕೆ, ಸಂಜೆ ಮಕ್ಕಳನ್ನು ಕೂಡಿಸಿಕೊಂಡು ಊಟ ಮಾಡುವುದಕ್ಕೆ ಒಂದು ಸೂರು. ಅದನ್ನೇ ನಿರಾಕರಿಸಿ ಅವನು ಸಜ್ಜನನಾಗಲಿ ಎಂದು ಬಯಸುವುದು ಬೀಜ ಬಿತ್ತದೆ ಬೆಳೆ ಕೇಳಿದಂತೆ. ಹಾವೇರಿ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಳೆ ನಮ್ಮ ಬಾಗಿಲಲ್ಲಿ ಯಾರಾದರೂ ಮನೆ ಕೇಳಿಕೊಂಡು ನಿಂತರೆ ಪ್ರಶ್ನೆ ಕೇಳುವ ಹಕ್ಕು ನಮಗಿದೆ. ಅವನು ಏನು ಮಾಡಿದ್ದಾನೆ ಎಂದು ಕೇಳುತ್ತಿದ್ದೇವೆಯೋ ಅಥವಾ ಅವನು ಯಾರ ಮಗ ಎಂದು ಕೇಳುತ್ತಿದ್ದೇವೆಯೋ ಎಂಬುದನ್ನು ಮಾತ್ರ ಒಮ್ಮೆ ನಮ್ಮನ್ನೇ ಕೇಳಿಕೊಳ್ಳೋಣ. 1952ರಲ್ಲಿ ದೇಶ ರದ್ದು ಮಾಡಿದ ಕಾಯ್ದೆಯನ್ನು ನಮ್ಮ ಹೊಸ್ತಿಲಲ್ಲಿ ಮತ್ತೆ ಜಾರಿಗೆ ತರುವುದು ಬೇಡ.